ಇಂಗಳದಾಳ್ ಗಣಿ ಕಲ್ಲಿಗೆ ಐದು ಮೂಲೆ ಮುಖ ಐತೆ, ಇದು ಕ್ವಾಸಿಕ್ರಿಸ್ಟಲ್ ಇರಬಹುದಾ?

ದುರ್ಗದ ಹುಡುಗ

ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು, ಮೆದೇಹಳ್ಳಿ ರೋಡಲ್ಲಿ ಮೊಬೈಲ್ ರಿಪೇರಿ ಅಂಗಡಿ ಐತೆ. ನಮ್ಮಜ್ಜ ಇಂಗಳದಾಳ್ ತಾಮ್ರದ ಗಣೀಲಿ ಕೆಲಸ ಮಾಡ್ತಿದ್ರು, ಅಲ್ಲಿಂದ ತಂದ ಒಂದಷ್ಟು ಕಲ್ಲು ತಮ್ಮ ಎಲೆ ಅಡಿಕೆ ಡಬ್ಬಿಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ರು, ಅವರು ಹೋಗಿ ಹತ್ತು ವರ್ಷ ಆಯ್ತು, ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಆ ಡಬ್ಬಿ ಸಿಕ್ತು. ಅದರಲ್ಲಿ ಒಂದು ಕಲ್ಲು ಗೋಲಿಗಿಂತ ಸ್ವಲ್ಪ ದೊಡ್ಡದು, ಹಿತ್ತಾಳೆ ಬಣ್ಣ, ತೂಕ ಜಾಸ್ತಿ. ಯಾರೋ ಕೂತು ಉಜ್ಜಿ ಮಾಡಿದಂಗೆ ಚಪ್ಪಟೆ ಮುಖಗಳು, ಒಂದೊಂದು ಮುಖಕ್ಕೂ ಐದು ಮೂಲೆ. ಎಣಿಸಿದೆ, ಒಂದು ಕಡೆ ಮುರಿದಿರೋದ್ರಿಂದ ಒಂಬತ್ತು ಮುಖ ಸರಿಯಾಗಿ ಕಾಣ್ತವೆ, ಪೂರ್ತಿ ಇದ್ದಿದ್ರೆ ಹನ್ನೆರಡು ಇರ್ತಿದ್ವು ಅನ್ಸುತ್ತೆ.

ನಾನು ಪಿಯುಸಿ ಸೈನ್ಸ್ ಓದಿದವನು. ಹರಳಲ್ಲಿ ಎರಡು, ಮೂರು, ನಾಲ್ಕು, ಆರು ಪಟ್ಟಿನ ಸಮಮಿತಿ (ಅಂದ್ರೆ ಒಂದು ಸುತ್ತು ತಿರುಗಿಸುವಾಗ ಅಷ್ಟು ಸಲ ಮೊದಲಿನಂಗೇ ಕಾಣೋದು) ಮಾತ್ರ ಇರುತ್ತೆ, ಐದು ಪಟ್ಟು ಬರೋದೇ ಇಲ್ಲ ಅಂತ ಆಗ ಲೆಕ್ಚರರ್ ಹೇಳಿದ್ದು ಇನ್ನೂ ನೆನಪೈತೆ. ಆಮೇಲೆ ಕ್ವಾಸಿಕ್ರಿಸ್ಟಲ್ ಅಂತ ಒಂದು ಐತೆ, ಅಣುಗಳು ಕ್ರಮವಾಗಿ ಕೂತಿದ್ರೂ ವಿನ್ಯಾಸ ಮರುಕಳಿಸಲ್ಲ, ಅದರಲ್ಲಿ ಐದು ಪಟ್ಟು ಬರುತ್ತೆ, ರಷ್ಯಾದಲ್ಲಿ ಒಂದು ಕಲ್ಲಲ್ಲಿ ತಾನಾಗೇ ಆಗಿದ್ದೂ ಸಿಕ್ಕೈತೆ ಅಂತ ಓದಿದೆ. ಅದರಲ್ಲೂ ತಾಮ್ರ ಇತ್ತಂತೆ, ನಮ್ಮದೂ ತಾಮ್ರದ ಗಣಿ. ಅವತ್ತಿಂದ ನಿದ್ದೆ ಸರಿಯಾಗಿ ಬರ್ತಿಲ್ಲ. ಇದು ಅದೇನಾ? ಅಲ್ಲ ಅಂದ್ರೆ ಐದು ಮೂಲೆ ಹೆಂಗೆ ಬಂತು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಹೊಳಲ್ಕೆರೆ ಕಲ್ಲುಮಣ್ಣು

ತಮ್ಮಾ, ಮೂವತ್ತು ವರ್ಷ ಖನಿಜ ಹುಡುಕೋ ಕೆಲಸದಲ್ಲೇ ಇದ್ದೆ, ಈಗ ರಿಟೈರ್ ಆಗಿ ಊರಲ್ಲಿದೀನಿ. ನೀನು ಬರೆದಿದ್ದು ಓದಿದ ತಕ್ಷಣ ಗೊತ್ತಾಯ್ತು, ಅದು ಪೈರೈಟ್. ಕಬ್ಬಿಣ ಗಂಧಕ ಸೇರಿದ್ದು. ಇಂಗಳದಾಳ್‌ನಲ್ಲಿ ತಾಮ್ರದ ಅದಿರು ಅಂದ್ರೆ ಚಾಲ್ಕೋಪೈರೈಟ್, ತಾಮ್ರ ಕಬ್ಬಿಣ ಗಂಧಕ ಸೇರಿದ್ದು, ಅದರ ಜೊತೆ ಪೈರೈಟ್ ಇದ್ದೇ ಇರುತ್ತೆ. ಬೇಕಾದ್ರೆ ಮುರಿದಿರೋ ಕಡೆ ಚಾಕು ತುದಿಯಿಂದ ಗೀರಿ ನೋಡು, ಚಾಲ್ಕೋಪೈರೈಟ್ ಆದ್ರೆ ಗೀರು ಬೀಳುತ್ತೆ, ಪೈರೈಟ್ ಗಟ್ಟಿ, ಚಾಕುಗೆ ಬಗ್ಗಲ್ಲ. ಬಣ್ಣ ಬಳಿಯದ ಟೈಲ್ಸ್ ಹಿಂಬದಿಗೆ ಉಜ್ಜಿದ್ರೆ ಹಸಿರು ಮಿಶ್ರಿತ ಕಪ್ಪು ಗೆರೆ ಬರುತ್ತೆ.

ಪೈರೈಟ್ ಅಂತ ಗೊತ್ತಾದ ತಕ್ಷಣ ನಿನ್ನ ಪ್ರಶ್ನೆ ಮುಗಿಯಲ್ಲ, ಅಲ್ಲಿಂದಲೇ ಶುರು ಆಗೋದು. ಯಾಕಂದ್ರೆ ನಿನ್ನ ಕೈಲಿರೋ ಆಕಾರ ನೋಡಿ ನಿನ್ನಂಗೇ ತಲೆ ಕೆಡಿಸ್ಕೊಂಡೋರು ಇನ್ನೂರು ವರ್ಷದ ಹಿಂದೇನೇ ಇದ್ರು. ಫ್ರಾನ್ಸ್‌ನಲ್ಲಿ ರೆನೆ ಜಸ್ಟ್ ಅಯುಯಿ ಅಂತ ಪಾದ್ರಿ, ಹರಳುಶಾಸ್ತ್ರಕ್ಕೆ ಬುನಾದಿ ಹಾಕಿದೋರಲ್ಲಿ ಒಬ್ಬರು. ಅವರು ಏನು ತೋರಿಸಿದ್ರು ಅಂದ್ರೆ, ಕಣ್ಣಿಗೆ ಕಾಣದಷ್ಟು ಸಣ್ಣ ಘನಗಳನ್ನ, ಅಂದ್ರೆ ಸಕ್ಕರೆ ಕ್ಯೂಬ್ ಥರದವನ್ನ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸ್ತಾ ಹೋದ್ರೆ ಈ ಹನ್ನೆರಡು ಮುಖದ ಆಕಾರ ಬರುತ್ತೆ ಅಂತ. ಎರಡು ಘನ ಅಡ್ಡ, ಒಂದು ಘನ ಮೇಲೆ, ಮತ್ತೆ ಎರಡು ಅಡ್ಡ ಒಂದು ಮೇಲೆ. ನಮ್ಮ ಏಳು ಸುತ್ತಿನ ಕೋಟೆ ಮೆಟ್ಟಿಲು ಹತ್ತಿರದಿಂದ ನೋಡಿದ್ರೆ ಮೆಟ್ಟಿಲು, ದೂರದಿಂದ ನೋಡಿದ್ರೆ ಒಂದು ಇಳಿಜಾರು, ಹಂಗೆ. ಘನದ ಆರೂ ಮುಖದ ಮೇಲೆ ಹಿಂಗೆ ಚಾವಣಿ ಕಟ್ಟಿದಂಗೆ ಕಟ್ಟಿದ್ರೆ ಐದು ಮೂಲೆ ಮುಖಗಳು ಹನ್ನೆರಡು ಸಿಗ್ತವೆ. ಒಳಗಿರೋದು ಮಾತ್ರ ಬರೀ ಘನದ ಜೋಡಣೆ.

ಈಗ ಮುಖ್ಯ ವಿಷಯ. ಮೆಟ್ಟಿಲು 2 ಅಡ್ಡ 1 ಎತ್ತರ ಇದ್ರೆ ಬರೋ ಪಂಚಭುಜ ಸಮ ಅಲ್ಲ. ಐದಂಚಲ್ಲಿ ನಾಲ್ಕು ಸಮ, ಒಂದು ಉದ್ದ. ಪೂರ್ತಿ ಸಮ ಪಂಚಭುಜ ಬರಬೇಕು ಅಂದ್ರೆ ಮೆಟ್ಟಿಲು 1.618 ಅಡ್ಡ 1 ಎತ್ತರ ಇರಬೇಕು, ಅದು ಸುವರ್ಣ ಅನುಪಾತ. ಆ ಸಂಖ್ಯೆನ ಯಾವ ಎರಡು ಪೂರ್ಣಾಂಕದ ಭಾಗಾಕಾರವಾಗಿಯೂ ಬರೆಯೋಕೆ ಆಗಲ್ಲ. ಇಡೀ ಇಟ್ಟಿಗೆ ಇಟ್ಟು ಕಟ್ಟುವವನು 3 ಅಡ್ಡ 2 ಎತ್ತರ ಇಡಬಹುದು, 5 ಅಡ್ಡ 3 ಇಡಬಹುದು, 8 ಅಡ್ಡ 5 ಇಡಬಹುದು, ಹತ್ತಿರ ಹತ್ತಿರ ಹೋಗ್ತಾನೆ, ಮುಟ್ಟಲ್ಲ. ಮಾಮೂಲಿ ಹರಳು ಸಮ ಪಂಚಭುಜ ಕೊಡಲ್ಲ ಅನ್ನೋದಕ್ಕೆ ಕಾರಣ ಇಷ್ಟೇ. ಕ್ವಾಸಿಕ್ರಿಸ್ಟಲ್ ಮಾತ್ರ ಕೊಡುತ್ತೆ. ಹೋಲ್ಮಿಯಂ, ಮೆಗ್ನೀಷಿಯಂ, ಸತು ಸೇರಿಸಿ ಲ್ಯಾಬಲ್ಲಿ ಬೆಳೆಸಿದ ಕ್ವಾಸಿಕ್ರಿಸ್ಟಲ್‌ಗಳಿಗೆ ನಿಜವಾದ ಸಮ ಪಂಚಭುಜದ ಹನ್ನೆರಡು ಮುಖ ಬಂದಾವೆ.

ಹಂಗಾಗಿ ನೀನೇ ಮನೇಲಿ ಪರೀಕ್ಷೆ ಮಾಡು. ಅಂಚಿನ ಉದ್ದ ಅಳೀಬೇಡ, ಹರಳು ಬೆಳೆಯುವಾಗ ಒಂದು ಕಡೆ ಜಾಗ ಸಿಗದೇ ಸೊಟ್ಟ ಆಗಿರುತ್ತೆ, ಉದ್ದ ಮೋಸ ಮಾಡುತ್ತೆ. ಮುಖಗಳ ನಡುವಿನ ಕೋನ ಮೋಸ ಮಾಡಲ್ಲ, ಇದನ್ನ 1669ರಲ್ಲೇ ಸ್ಟೆನೊ ಹೇಳಿದ್ದು. ಹಳೇ ಲಗ್ನಪತ್ರಿಕೆ ದಪ್ಪ ಕಾಗದದಲ್ಲಿ ಎರಡು ಪಟ್ಟಿ ಕತ್ತರಿಸಿ, ಮಧ್ಯ ಗುಂಡುಪಿನ್ನು ಚುಚ್ಚಿ ಕತ್ತರಿ ಥರ ಮಾಡ್ಕೊ. ಪಕ್ಕಪಕ್ಕದ ಎರಡು ಮುಖಕ್ಕೆ ಎರಡು ಪಟ್ಟಿ ಒತ್ತಿ ಹಿಡಿ, ಅಂಚಿಗೆ ಲಂಬವಾಗಿ ಹಿಡೀಬೇಕು, ಅದು ಮರೀಬೇಡ, ಆಮೇಲೆ ಕೋನಮಾಪಕದ ಮೇಲಿಟ್ಟು ಓದು. ಕ್ವಾಸಿಕ್ರಿಸ್ಟಲ್ ಥರ ಸಮ ಆಕಾರ ಆಗಿದ್ರೆ ಯಾವ ಅಂಚಲ್ಲಿ ಅಳೆದ್ರೂ ಸುಮಾರು 116.5 ಡಿಗ್ರಿ ಬರಬೇಕು. ಪೈರೈಟ್ ಆದ್ರೆ ಉದ್ದ ಅಂಚಲ್ಲಿ ಸುಮಾರು 127, ಮಿಕ್ಕ ಅಂಚಲ್ಲಿ 113.5. ಹದಿಮೂರು ಡಿಗ್ರಿ ವ್ಯತ್ಯಾಸ ಕಾಗದದ ಪಟ್ಟಿಲೂ ಸಿಗುತ್ತೆ.

ಇನ್ನೊಂದು, ಮುಖದ ಮೇಲೆ ಸಣ್ಣ ಸಣ್ಣ ಗೀರು ಸಾಲಾಗಿ ಇದಾವಾ ನೋಡು. ಒಂದೇ ದಿಕ್ಕಿಗೆ ಇದ್ರೆ ಅಲ್ಲೇ ಉತ್ತರ ಸಿಕ್ಕಂಗೆ. ಐದು ಪಟ್ಟು ನಿಜವಾಗಿ ಇದ್ದಿದ್ರೆ ಐದರಲ್ಲಿ ಒಂದೇ ಅಂಚಿಗೆ ಯಾಕೆ ವಿಶೇಷ ಮರ್ಯಾದೆ?

ಪಿಜೆ ಬಡಾವಣೆ ಗಣಿತ

ದಾವಣಗೆರೆಯಿಂದ, ಹೈಸ್ಕೂಲಲ್ಲಿ ಗಣಿತ ಹೇಳ್ತೀನಿ. ಕಲ್ಲುಮಣ್ಣು ಸರ್ ಮೆಟ್ಟಿಲಿನ ಲೆಕ್ಕ ಹೇಳಿದ್ದು ತುಂಬಾ ಚೆನ್ನಾಗಿದೆ, ನಾಳೆ ಕ್ಲಾಸಲ್ಲಿ ಅದನ್ನೇ ಹೇಳ್ತೀನಿ. ನಾನು ಮಕ್ಕಳಿಗೆ ಹೇಳೋ ರೀತಿ ಬೇರೆ, ಅದನ್ನ ಬರೀತೀನಿ.

ಚುಕ್ಕಿ ರಂಗೋಲಿ ಹಾಕೋರಿಗೆ ಇದು ಕೈಗೇ ಗೊತ್ತಿರುತ್ತೆ. ನೇರ ಚುಕ್ಕಿ ಇಟ್ರೆ ನಾಲ್ಕು ಮೂಲೆಯ ವಿನ್ಯಾಸ ಬರುತ್ತೆ, ಮಧ್ಯ ಚುಕ್ಕಿ ಇಟ್ರೆ, ಅಂದ್ರೆ ಎರಡರ ನಡುವೆ ಒಂದು ಬರೋ ಹಂಗೆ, ಆರು ಎಸಳಿನ ಹೂವು, ಆರು ಮೂಲೆ ನಕ್ಷತ್ರ ಎಲ್ಲಾ ಸಲೀಸಾಗಿ ಬರ್ತವೆ. ಐದು ಮೂಲೆ ನಕ್ಷತ್ರ ಬೇಕು ಅಂದ್ರೆ ನಮ್ಮಮ್ಮ ಚುಕ್ಕಿ ಇಡ್ತಾನೇ ಇರಲಿಲ್ಲ, ಮಧ್ಯದಿಂದ ಐದು ಗೆರೆ ಎಳೆದು ಅದರ ಮೇಲೆ ಚುಕ್ಕಿ ಇಡ್ತಿದ್ರು. ಯಾಕಂದ್ರೆ ಸಾಲು ಚುಕ್ಕಿಯಲ್ಲಿ ಸಮ ಪಂಚಭುಜ ಕೂರೋದೇ ಇಲ್ಲ. ಅದರ ಒಂದು ಮೂಲೆ 108 ಡಿಗ್ರಿ, ಮೂರು ಸೇರಿಸಿದ್ರೆ 324, ಇನ್ನೂ 36 ಡಿಗ್ರಿ ಸಂದು ಉಳಿಯುತ್ತೆ, ನಾಲ್ಕು ಸೇರಿಸೋಕೆ ಜಾಗ ಇಲ್ಲ.

ಹಂಗಾದ್ರೆ ಕ್ವಾಸಿಕ್ರಿಸ್ಟಲ್ ಹೆಂಗೆ ತುಂಬುತ್ತೆ? ಒಂದೇ ಥರದ ಬಿಲ್ಲೆ ಬಿಟ್ಟು ಎರಡು ಥರದ ಬಿಲ್ಲೆ ತಗೊಂಡ್ರೆ ಸಂದಿಲ್ಲದೆ ನೆಲ ತುಂಬಬಹುದು, ಆದ್ರೆ ವಿನ್ಯಾಸ ಮರುಕಳಿಸಲ್ಲ ಅಂತ ರೋಜರ್ ಪೆನ್‌ರೋಸ್ 1970ರ ದಶಕದಲ್ಲಿ ತೋರಿಸಿದ್ರು. ಅದನ್ನ ಕಾಗದದಲ್ಲಿ ಕತ್ತರಿಸಿ ಜೋಡಿಸೋದು ಕಷ್ಟ, ಅದಕ್ಕೆ ನಾನು ಹೂವಿನ ಮಾಲೆ ಕಟ್ಟಿಸ್ತೀನಿ. ಸೇವಂತಿಗೆ ಒಂದು, ಕನಕಾಂಬರ ಒಂದು. ನಿಯಮ ಎರಡೇ: ಮುಂದಿನ ಮಾಲೆ ಬರೆಯುವಾಗ ಪ್ರತಿ ಸೇವಂತಿಗೆ ಜಾಗದಲ್ಲಿ ಸೇವಂತಿಗೆ-ಕನಕಾಂಬರ ಇಡಿ, ಪ್ರತಿ ಕನಕಾಂಬರ ಜಾಗದಲ್ಲಿ ಸೇವಂತಿಗೆ ಇಡಿ. ಒಂದು ಸೇವಂತಿಗೆಯಿಂದ ಶುರು ಮಾಡಿದ್ರೆ ಸೇ, ಆಮೇಲೆ ಸೇ ಕ, ಆಮೇಲೆ ಸೇ ಕ ಸೇ, ಆಮೇಲೆ ಸೇ ಕ ಸೇ ಸೇ ಕ, ಆಮೇಲೆ ಸೇ ಕ ಸೇ ಸೇ ಕ ಸೇ ಕ ಸೇ. ಹೂವಿನ ಲೆಕ್ಕ 1, 2, 3, 5, 8, ಮುಂದೆ 13, 21. ಎಷ್ಟೇ ಉದ್ದ ಕಟ್ಟಿದ್ರೂ ಎರಡು ಕನಕಾಂಬರ ಪಕ್ಕಪಕ್ಕ ಬರಲ್ಲ, ಮೂರು ಸೇವಂತಿಗೆ ಒಟ್ಟಿಗೆ ಬರಲ್ಲ, ಮುಂದಿನ ಹೂವು ಯಾವುದು ಅಂತ ನಿಯಮ ಖಚಿತವಾಗಿ ಹೇಳುತ್ತೆ, ಆದ್ರೂ ಇಷ್ಟು ಹೂವು ಆದ್ಮೇಲೆ ಮತ್ತೆ ಮೊದಲಿಂದ ಅನ್ನೋದು ಯಾವತ್ತೂ ಬರಲ್ಲ. ಉದ್ದ ಆದಷ್ಟೂ ಸೇವಂತಿಗೆನ ಕನಕಾಂಬರದಿಂದ ಭಾಗಿಸಿದ್ರೆ 1.618ರ ಹತ್ತಿರ ಹೋಗುತ್ತೆ, ಸರ್ ಹೇಳಿದ ಅದೇ ಸಂಖ್ಯೆ.

ಅಣುಗಳು ಈ ಮಾಲೆ ಥರ ಕೂತಿದ್ರೆ ಅದು ಕ್ವಾಸಿಕ್ರಿಸ್ಟಲ್. ಅಡ್ಡಾದಿಡ್ಡಿ ಅಲ್ಲ, ಗಾಜಿನ ಥರ ಅಲ್ಲ, ಪೂರ್ತಿ ಕ್ರಮ ಇದೆ. ಮರುಕಳಿಕೆ ಮಾತ್ರ ಇಲ್ಲ. ನನಗೆ ಇದಕ್ಕಿಂತ ಸುಂದರವಾದ ವಿಷಯ ಗಣಿತದಲ್ಲಿ ಕಡಿಮೆ ಸಿಕ್ಕಿದೆ.

ಭದ್ರಾ ನಾಲೆ

ಎಲ್ಲಾ ಸರಿ, ಆದ್ರೆ ನನ್ನದೊಂದು ತಕರಾರು ಇದೆ. ರಷ್ಯಾದ ಆ ಕ್ವಾಸಿಕ್ರಿಸ್ಟಲ್ ಗೊತ್ತಾಗಿದ್ದೂ ಇಟಲಿಯ ಮ್ಯೂಸಿಯಂ ಡಬ್ಬಿಯಲ್ಲಿ ಬಿದ್ದಿದ್ದ ಸಣ್ಣ ಕಲ್ಲಲ್ಲೇ ಅಲ್ವಾ, ಹೊರಗಿಂದ ನೋಡಿದ್ರೆ ಅದಕ್ಕೆ ಯಾವ ಆಕಾರವೂ ಇರಲಿಲ್ಲ. ಹಂಗಿದ್ಮೇಲೆ ಕೋನ ಅಳೆದು ಇದು ಅಲ್ಲ ಅಂತ ಇಡೀ ಡಬ್ಬಿನ ತಳ್ಳಿಹಾಕೋದು ಎಷ್ಟು ಸರಿ? ಮಿಕ್ಕ ಕಲ್ಲುಗಳ ಒಳಗೆ ಏನಿದೆ ಅಂತ ಯಾರು ನೋಡಿದಾರೆ? ನಮ್ಮ ಕಡೆ ಕಲ್ಲು ನೋಡೋರು ಕಡಿಮೆ, ಅದಕ್ಕೇ ಸಿಕ್ಕಿಲ್ಲ ಅಂತ ನನ್ನ ಅನಿಸಿಕೆ.

ಕುಲುಮೆ

ಭದ್ರಾ ನಾಲೆಯವರ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ. ನಾನು ದಾವಣಗೆರೆ ಹುಡುಗ, ಮೆಟಲರ್ಜಿ ಓದಿ ಈಗ ಬೆಂಗಳೂರಲ್ಲಿ ಕೆಲಸ.

ಮೊದಲು ಹಿನ್ನೆಲೆ. 1982 ಏಪ್ರಿಲ್ 8ರಂದು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಇಸ್ರೇಲಿನ ಡ್ಯಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ-ಮ್ಯಾಂಗನೀಸ್ ಕರಗಿಸಿ ಗಬಕ್ಕನೆ ತಣ್ಣಗೆ ಮಾಡಿದ ಮಿಶ್ರಲೋಹನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದಾಗ, ಮಾಮೂಲಿ ಹರಳಲ್ಲಿ ಬರಬಾರದ ಹತ್ತು ಚುಕ್ಕಿಯ ಸುತ್ತು ಕಂಡಿತು. ಯಾರೂ ನಂಬಲಿಲ್ಲ. ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ಅಂತೂ 1994ರಲ್ಲಿ ತೀರಿಕೊಳ್ಳೋ ತನಕ ಒಪ್ಪಲಿಲ್ಲ. ಶೆಕ್ಟ್‌ಮನ್ ಪೇಪರ್ ಅಚ್ಚಾಗಿದ್ದು 1984ರಲ್ಲಿ, ನೊಬೆಲ್ ಬಂದಿದ್ದು 2011ರಲ್ಲಿ. ನಮ್ಮವರಿಗೆ ಹೆಚ್ಚು ಗೊತ್ತಿಲ್ಲದ ವಿಷಯ ಏನಂದ್ರೆ, 1985ರಲ್ಲೇ ಬೆಂಗಳೂರಿನ ಐಐಎಸ್‌ಸಿಯ ಎಸ್. ರಂಗನಾಥನ್, ಕೆ. ಚಟ್ಟೋಪಾಧ್ಯಾಯ ಮತ್ತು ಜೊತೆಗಾರರು ದಶಭುಜ ಕ್ವಾಸಿಕ್ರಿಸ್ಟಲ್ ಅನ್ನೋ ಇನ್ನೊಂದು ಬಗೆಯನ್ನ ಕಂಡರು, ಅದು ಒಂದು ದಿಕ್ಕಿಗೆ ಮಾಮೂಲಿ ಹರಳಿನ ಥರ ಮರುಕಳಿಸುತ್ತೆ, ಅದಕ್ಕೆ ಅಡ್ಡವಾಗಿ ಕ್ವಾಸಿಕ್ರಿಸ್ಟಲ್. ಅಮೆರಿಕದಲ್ಲಿ ಬೆಂಡರ್‌ಸ್ಕಿ ಕೂಡ ಸ್ವತಂತ್ರವಾಗಿ ಅದೇ ಹೊತ್ತಿಗೆ ಕಂಡರು. ನಾನು ಓದುವಾಗ ಇದನ್ನ ಯಾರೂ ಹೇಳಿರಲಿಲ್ಲ, ಗೊತ್ತಾದ ದಿನ ಬಹಳ ಹೆಮ್ಮೆ ಆಯ್ತು.

ಈಗ ಡಬ್ಬಿ ವಿಷಯ. ಪ್ರಿನ್ಸ್‌ಟನ್‌ನ ಪಾಲ್ ಸ್ಟೈನ್‌ಹಾರ್ಟ್ ಪ್ರಕೃತಿಯಲ್ಲೂ ಇದು ಇರಲೇಬೇಕು ಅಂತ ವರ್ಷಗಟ್ಟಲೆ ಹುಡುಕಿಸಿದ್ರು. ಇಟಲಿಯ ಫ್ಲಾರೆನ್ಸ್ ಮ್ಯೂಸಿಯಂನ ಲೂಕಾ ಬಿಂದಿ ತಮ್ಮ ಸಂಗ್ರಹದ ಸುಮಾರು 3 ಮಿಲಿಮೀಟರ್ ಕಲ್ಲಿನಿಂದ ತೆಗೆದ ಚೂರು ಕಳಿಸಿದ್ರು, 2009 ಜನವರಿ 2ರಂದು ಅದರಲ್ಲಿ ಐದು ಪಟ್ಟು ಸಿಕ್ಕಿತು. ಅಲ್ಯೂಮಿನಿಯಂ 63, ತಾಮ್ರ 24, ಕಬ್ಬಿಣ 13 ಅನ್ನೋ ಪ್ರಮಾಣ. ಜಪಾನಲ್ಲಿ ಆನ್-ಪಾಂಗ್ ತ್ಸಾಯ್ 1987ರಲ್ಲಿ ಲ್ಯಾಬಲ್ಲಿ ಮಾಡಿದ್ದ ಮಿಶ್ರಣ ಹೆಚ್ಚುಕಡಿಮೆ ಅದೇ. ಖನಿಜಕ್ಕೆ ಐಕೊಸಹೆಡ್ರೈಟ್ ಅಂತ ಹೆಸರಾಯ್ತು.

ದುರ್ಗದ ಹುಡುಗ ತಾಮ್ರ ಅಂದಿದ್ರು. ಅಡಚಣೆ ತಾಮ್ರದ್ದಲ್ಲ, ಅಲ್ಯೂಮಿನಿಯಂದು. ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 8 ಭಾಗ ಅಲ್ಯೂಮಿನಿಯಂ, ನಮ್ಮ ಕೋಟೆ ಬೆಟ್ಟದ ಬಂಡೆಯಲ್ಲೂ ಬೇಕಾದಷ್ಟಿದೆ, ಆದ್ರೆ ಎಲ್ಲಾ ಆಮ್ಲಜನಕದ ಜೊತೆ ಗಂಟು ಹಾಕ್ಕೊಂಡಿರೋದು. ಲೋಹವಾಗಿ ಬಿಡಿಸಿಕೊಳ್ಳೋಕೆ ಮನುಷ್ಯನಿಗೇ 1825ರ ತನಕ ಆಗಿರಲಿಲ್ಲ. ಹಂಗಿರುವಾಗ ಕಲ್ಲೊಳಗೆ ಅಲ್ಯೂಮಿನಿಯಂ ಲೋಹ ಬಂತು ಹೆಂಗೆ? ಯಾವುದೋ ಫ್ಯಾಕ್ಟರಿಯ ಕಿಟ್ಟ ಇರಬೇಕು ಅಂತ ಬಹಳ ಜನ ವಾದಿಸಿದ್ರು, ಅನುಮಾನ ಪಟ್ಟಿದ್ದು ಸರಿಯೇ ಆಗಿತ್ತು.

ಅದಕ್ಕೇ ಅವರು ಕಲ್ಲು ಸಿಕ್ಕ ಜಾಗಕ್ಕೇ ಹೋದ್ರು. ರಷ್ಯಾದ ದೂರದ ಪೂರ್ವದಲ್ಲಿ ಕೊರ್ಯಾಕ್ ಬೆಟ್ಟಗಳು, ಅಲ್ಲಿ 1979ರಲ್ಲಿ ವಾಲೆರಿ ಕ್ರ್ಯಾಚ್ಕೊ ಪ್ಲಾಟಿನಂ ಹುಡುಕ್ತಾ ಒಂದು ಹಳ್ಳದ ನೀಲಿ-ಹಸಿರು ಜೇಡಿಮಣ್ಣು ತೊಳೆದಾಗ ಈ ಕಲ್ಲು ಸಿಕ್ಕಿತ್ತು. 2011ರಲ್ಲಿ ಅದೇ ಕ್ರ್ಯಾಚ್ಕೊನ ಕರ್ಕೊಂಡು ಹೋಗಿ ಸುಮಾರು ಒಂದೂವರೆ ಟನ್ ಮಣ್ಣು ತಟ್ಟೆಯಲ್ಲಿ ತೊಳೆದ್ರು. ಮತ್ತೆ ಸಿಕ್ಕಿತು. ಆಮ್ಲಜನಕದ ಐಸೊಟೋಪ್ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು) ಲೆಕ್ಕ ಹಾಕಿದಾಗ ಅದು ಭೂಮಿದಲ್ಲ, ಉಲ್ಕೆ. ಜೊತೆಗೆ ಸ್ಟಿಶೊವೈಟ್ ಇತ್ತು, ಅಂದ್ರೆ ಸಿಲಿಕಾ ವಿಪರೀತ ಒತ್ತಡಕ್ಕೆ ಸಿಕ್ಕಾಗ ಆಗೋ ರೂಪ, ಆ ಸ್ಟಿಶೊವೈಟ್ ಕಣದ ಒಳಗೇ ಕ್ವಾಸಿಕ್ರಿಸ್ಟಲ್ ಕೂತಿತ್ತು. ಯಾವ ಫ್ಯಾಕ್ಟರಿ ಕುಲುಮೆಯೂ ಅದನ್ನ ಕೊಡಲ್ಲ. ಆಕಾಶದಲ್ಲಿ ಕಲ್ಲಿಗೆ ಕಲ್ಲು ಡಿಕ್ಕಿ ಹೊಡೆದು, ಕ್ಷಣದಲ್ಲಿ ಕರಗಿ ಕ್ಷಣದಲ್ಲಿ ಆರಿದ್ದು. ಅದೇ ಉಲ್ಕೆಯಲ್ಲಿ 2015ರಲ್ಲಿ ಎರಡನೇದು ವರದಿ ಆಯ್ತು, ಅಲ್ಯೂಮಿನಿಯಂ-ನಿಕಲ್-ಕಬ್ಬಿಣದ ಡೆಕಾಗೊನೈಟ್, ನಮ್ಮ ಬೆಂಗಳೂರಿನವರು ಕಂಡ ದಶಭುಜ ಜಾತಿಗೇ ಸೇರಿದ್ದು.

ಇಂಗಳದಾಳ್ ಅದಿರಲ್ಲಿ ತಾಮ್ರ, ಕಬ್ಬಿಣ ಎರಡೂ ಗಂಧಕದ ಜೊತೆ ಕೂತಾವೆ. ಬಿಡಿ ಅಲ್ಯೂಮಿನಿಯಂ ಇಲ್ಲ, ಡಿಕ್ಕಿಯ ಗುರುತಿಲ್ಲ. ಅದಕ್ಕೇ ಅಲ್ಲಿ ಸಿಗಲ್ಲ ಅನ್ನೋದು. ನೋಡೋರು ಕಡಿಮೆ ಅನ್ನೋ ಮಾತು ನಿಜ, ಅದಕ್ಕೆ ನನ್ನ ಒಪ್ಪಿಗೆ ಇದೆ, ಆದ್ರೆ ಎಲ್ಲಿ ನೋಡಬೇಕು ಅನ್ನೋದಕ್ಕೂ ಕಾರಣ ಬೇಕಲ್ವಾ.

ದುರ್ಗದ ಹುಡುಗ

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮೆ. ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು ಲಗ್ನಪತ್ರಿಕೆ ಕತ್ತರಿಸಿ ಪಟ್ಟಿ ಮಾಡ್ಕೊಂಡೆ, ನಮ್ಮ ತಂಗಿ ಕೋನಮಾಪಕ ಕೊಟ್ಟಳು. ಉದ್ದ ಅಂಚು ಮೂರು ಕಡೆ ಸಿಕ್ಕಿತು, ಅಲ್ಲಿ 126, 127, 128 ಬಂತು. ಬೇರೆ ಅಂಚು ಏಳು ಕಡೆ ಅಳೆದೆ, ಎಲ್ಲಾ 112ರಿಂದ 115ರ ಒಳಗೆ. 116 ಎಲ್ಲೂ ಬರಲಿಲ್ಲ ಸರ್. ಅಂಗಡಿ ಭೂತಗನ್ನಡಿಲಿ ಗೀರೂ ನೋಡಿದೆ, ಒಂದೊಂದು ಮುಖದಲ್ಲೂ ಒಂದೇ ದಿಕ್ಕಿಗೆ ಅದಾವೆ. ಪೈರೈಟೇ. ಬೇಜಾರಾಗುತ್ತೆ ಅನ್ಕೊಂಡಿದ್ದೆ, ಆಗಲಿಲ್ಲ, ಅಜ್ಜನ ಕಲ್ಲೊಳಗೆ 2 ಅಡ್ಡ 1 ಮೇಲೆ ಅಂತ ಮೆಟ್ಟಿಲು ಅದಾವೆ ಅಂತ ಗೊತ್ತಾಗಿ ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡ್ತಾ ಕೂತಿದ್ದೆ.

ಎರಡು ಪ್ರಶ್ನೆ. ಸಿಡಿಲು ಹೊಡೆದ್ರೂ ಕ್ಷಣದಲ್ಲಿ ಕರಗಿ ಆರುತ್ತಲ್ಲ, ಅದರಿಂದ ಆಗಲ್ವಾ? ಮತ್ತೆ ಡಬ್ಬಿಲಿ ಇನ್ನೊಂದೆರಡು ಕಲ್ಲಿನ ಮೇಲೆ ಬೂದುಬಿಳಿ ಪುಡಿ ಎದ್ದೈತೆ, ಹುಳಿ ಹುಳಿ ವಾಸನೆ, ಅದೇನು?

ಕುಲುಮೆ

ಸಿಡಿಲಿನ ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು. ಅಮೆರಿಕದ ನೆಬ್ರಾಸ್ಕಾದ ಮರಳುದಿಬ್ಬದಲ್ಲಿ ವಿದ್ಯುತ್ ಹರಿದು ಮರಳು ಕರಗಿ ಗಾಜಿನ ಕೊಳವೆ ಆಗಿತ್ತು, ಪಕ್ಕದಲ್ಲೇ ಕರೆಂಟ್ ತಂತಿ ಹರಿದು ಬಿದ್ದಿತ್ತು, ಆ ತಂತಿಯ ಲೋಹ ಮರಳಿನ ಜೊತೆ ಕರಗಿ ಹನ್ನೆರಡು ಪಟ್ಟಿನ ಕ್ವಾಸಿಕ್ರಿಸ್ಟಲ್ ಆಗಿದೆ ಅಂತ 2022ರಲ್ಲಿ ವರದಿ ಆಯ್ತು. ಅದು ಸಿಡಿಲೋ ತಂತಿಯ ಕರೆಂಟೋ, ಎರಡರಲ್ಲಿ ಒಂದು. ಅದಕ್ಕಿಂತ ಒಂದು ವರ್ಷ ಮುಂಚೆ, 1945 ಜುಲೈ 16ರ ಮೊದಲ ಅಣುಬಾಂಬ್ ಪರೀಕ್ಷೆಯ ಜಾಗದ ಕೆಂಪು ಗಾಜಲ್ಲೂ ಸಿಕ್ಕಿತ್ತು, ಸಿಲಿಕಾನ್-ತಾಮ್ರ-ಕ್ಯಾಲ್ಸಿಯಂ-ಕಬ್ಬಿಣ, ಅಲ್ಲಿ ತಾಮ್ರ ಬಂದಿದ್ದು ಕೇಬಲ್‌ಗಳಿಂದ. ಎರಡರಲ್ಲೂ ಲೋಹ ಮನುಷ್ಯ ತಂದಿಟ್ಟಿದ್ದು, ಅದನ್ನ ಗಮನಿಸಿ. ನಮ್ಮ ಕಡೆ ಯಾರಿಗಾದ್ರೂ ಸಿಡಿಲು ಬಡಿದ ಮಣ್ಣಲ್ಲಿ ಗಾಜಿನ ಕೊಳವೆ ಸಿಕ್ಕಿದ್ರೆ, ಅದರಲ್ಲೂ ತಂತಿ ಬಿದ್ದಿದ್ದ ಜಾಗದಲ್ಲಿ, ದಯವಿಟ್ಟು ಎಸೀಬೇಡಿ. ತಂತಿ ಇನ್ನೂ ಬಿದ್ದಿದ್ರೆ ಮಾತ್ರ ಹತ್ತಿರ ಹೋಗಬೇಡಿ, ಲೈನ್‌ಮನ್‌ಗೆ ಹೇಳಿ.

ಹೊಳಲ್ಕೆರೆ ಕಲ್ಲುಮಣ್ಣು

ತಮ್ಮಾ, ಕೋನ ಚೆನ್ನಾಗಿ ಅಳೆದೀಯ, ಕಾಗದದ ಪಟ್ಟಿಗೆ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ಸಹಜ.

ಆ ಪುಡಿ ನೋಡಿ ಸುಮ್ನಿರಬೇಡ. ಗಾಳಿ, ತೇವ ಎರಡೂ ತಾಗಿದ್ರೆ ಪೈರೈಟ್ ನಿಧಾನಕ್ಕೆ ಕೊಳೆಯುತ್ತೆ, ಕಬ್ಬಿಣದ ಸಲ್ಫೇಟ್ ಪುಡಿ ಏಳುತ್ತೆ, ಗಂಧಕಾಮ್ಲ ಆಗುತ್ತೆ, ವಾಸನೆ ಬರೋದೂ ಹಿಂಗೆ ಕೊಳೆಯೋದ್ರಿಂದ. ಪುಡಿ ಎದ್ದ ಕಲ್ಲುಗಳನ್ನ ಬೇರೆ ಮಾಡು, ಕೈ ತೊಳ್ಕೊ, ಕಲ್ಲನ್ನ ನೀರಲ್ಲಿ ಅದ್ದಬೇಡ. ಚೆನ್ನಾಗಿರೋ ಹರಳನ್ನ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡು, ನಿನ್ನ ಅಂಗಡೀಲಿ ಮೊಬೈಲ್ ಬಾಕ್ಸ್ ಜೊತೆ ಬಂದಿರ್ತವಲ್ಲ, ಅವೇ ಸಾಕು. ಅಜ್ಜನ ಎಲೆ ಅಡಿಕೆ ಡಬ್ಬಿ ಲೋಹದ್ದಾದ್ರೆ ಅದನ್ನ ಒರೆಸಿ ಬೇರೆ ಇಡು, ಇಲ್ಲಾಂದ್ರೆ ಆಮ್ಲ ಡಬ್ಬಿನೂ ತಿನ್ನುತ್ತೆ.

ಮತ್ತೆ ಇನ್ನೂ ಕಲ್ಲು ಬೇಕು ಅಂತ ಹಳೇ ಗಣಿ ಒಳಗೆ ಇಳೀಬೇಡ, ಮೇಲ್ಚಾವಣಿ ಯಾವಾಗ ಕಳಚುತ್ತೋ ಹೇಳೋಕಾಗಲ್ಲ. ಕಲ್ಲು ನೋಡೋ ಆಸೆ ಇದ್ರೆ ಒಂದು ಭಾನುವಾರ ಮರಡಿಹಳ್ಳಿ ಕಡೆ ಹೋಗಿ ದಿಂಬು ಲಾವಾ ನೋಡ್ಕೊಂಡು ಬಾ, ನೀರೊಳಗೆ ಲಾವಾ ಉಕ್ಕಿ ದಿಂಬು ದಿಂಬಾಗಿ ಆರಿದ್ದು, 250 ಕೋಟಿ ವರ್ಷಕ್ಕೂ ಹಳೇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಗಳದಾಳ್ ಇರೋದೂ ಅದೇ ಹಳೇ ಬಂಡೆಗಳ ಪಟ್ಟಿಲೇ.

ಕೊನೇದಾಗಿ ಒಂದು ಕೆಲಸ ಮಾಡು. ಪ್ಲಾಸ್ಟಿಕ್ ಡಬ್ಬಿ ಒಳಗೆ ಒಂದು ಚೀಟಿ ಹಾಕು, ಇಂಗಳದಾಳ್ ಅಂತ ಬರಿ, ಅಜ್ಜನ ಹೆಸರು ಬರಿ, ಅವರು ಯಾವ ವರ್ಷದಿಂದ ಯಾವ ವರ್ಷದ ತನಕ ಅಲ್ಲಿದ್ರು ಅಂತ ಮನೇಲಿ ಕೇಳಿ ಬರಿ. ಫ್ಲಾರೆನ್ಸ್‌ನವರಿಗೆ ಆ ಕಲ್ಲಿನ ಹಳ್ಳ ಹುಡುಕೋಕೆ ಮೊದಲ ಸುಳಿವು ಸಿಕ್ಕಿದ್ದೂ ಕಲ್ಲಿನ ಜೊತೆ ಯಾರೋ ಜಾಗದ ಹೆಸರು ಬರೆದಿಟ್ಟಿದ್ದಕ್ಕೆ.